ತಯಾರಾದ ವರ್ಷ

ಮೂಗೂರು
4 ಮಾರ್ಚ್ 2025

ಮಾವನಿಗೆ ರಂಜನಿಯ ನಮಸ್ಕಾರ.

ಫೋನಿನಲ್ಲಿ ನಾನು ಗಂಟಲು ಹರಿದುಕೊಂಡು, ನೀವು "ಆ? ಆ?" ಎಂದು ಕೇಳಿ, ಕೊನೆಗೆ ಇಬ್ಬರೂ ಸಿಟ್ಟಾಗುವುದಕ್ಕಿಂತ ಕಾಗದವೇ ಮೇಲು ಎಂದು ಬರೆಯಲು ಕುಳಿತೆ. ದೀಪಾವಳಿಯಲ್ಲಿ ನೀವು ಕಿವಿಯ ಮಿಷನ್ನು ಕಿತ್ತು ಅಕ್ಕಿ ಡಬ್ಬದೊಳಗೆ ಹಾಕಿದ್ದಿರಿ. ಈಗಲೂ ಅಲ್ಲೇ ಇದೆಯೇ?

ನಮ್ಮ ಅಡುಗೆ ಕೆಲಸ ಚೆನ್ನಾಗಿ ನಡೆಯುತ್ತಿದೆ. ನನ್ನ ಜೊತೆ ಈಗ ಎಂಟು ಹೆಂಗಸರಿದ್ದಾರೆ. ಮದುವೆ, ನಾಮಕರಣ, ಗೃಹಪ್ರವೇಶ ಎಂದು ವಾರಕ್ಕೆ ಎರಡಾದರೂ ಇರುತ್ತವೆ. ಕಷ್ಟವೆಲ್ಲ ಪಾತ್ರೆ ಸಾಗಿಸುವುದರಲ್ಲಿ. ಹೋದ ತಿಂಗಳು ತಗಡೂರಿನ ಮದುವೆಗೆ ಹೇಳಿದ್ದ ಬಾಡಿಗೆ ಗಾಡಿ ಬರಲೇ ಇಲ್ಲ. ಕೊಪ್ಪರಿಗೆ, ಒಲೆ, ಸಿಲಿಂಡರು ಎಲ್ಲ ಬೀದಿಯಲ್ಲಿಟ್ಟುಕೊಂಡು ಗಂಟೆಗಟ್ಟಲೆ ನಿಂತಿದ್ದೆವು. ಹೆಣ್ಣಿನ ತಂದೆ ಫೋನಿನಲ್ಲಿ ಬೈದ ಮಾತು ಬರೆಯಲಾರೆ. ಆವತ್ತಿನಿಂದ ನಿಮ್ಮ ಅಳಿಯ ಗುರುಪ್ರಸಾದ್ ಒಂದೇ ಹಠ ಹಿಡಿದಿದ್ದಾರೆ, ನಮ್ಮದೇ ಒಂದು ಪಿಕಪ್ ಇರಬೇಕು ಅಂತ. ಹೊಸದಲ್ಲ, ಸೆಕೆಂಡ್ ಹ್ಯಾಂಡು. ನರಸೀಪುರದ ಬ್ರೋಕರ್ ಅಮೃತೇಶ್ ಎಂಬುವರು ಧೀರಾ ಪಿಕಪ್ಪೇ ಒಳ್ಳೆಯದು ಅನ್ನುತ್ತಾರೆ.

ನೀವು ಮೂವತ್ತೈದು ವರ್ಷ ಊಟಿ ರಸ್ತೆಯಲ್ಲಿ ಗ್ಯಾರೇಜು ಇಟ್ಟವರು. ಅದರಲ್ಲಿ ಯಾವ ವರ್ಷದ ಗಾಡಿ ತೆಗೆದುಕೊಳ್ಳಬಹುದು, ಯಾವುದು ಬೇಡ, ಒಂದು ಸಾಲು ಬರೆಯಿರಿ. ಇನ್ನೂ ಏನೂ ಮಾತಾಗಿಲ್ಲ. ಸುಮ್ಮನೆ ತಿಳಿದುಕೊಳ್ಳೋಣ ಎಂದು ಕೇಳಿದೆ.

ನಿಮ್ಮ ಸೋದರ ಸೊಸೆ,
ರಂಜನಿ

*

ನಂಜನಗೂಡು
8 ಮಾರ್ಚ್ 2025

ಮಗಳೇ ಶಿವರಂಜನಿ, ನಂಜುಂಡೇಶ್ವರ ನಿಮ್ಮಿಬ್ಬರನ್ನೂ ಚೆನ್ನಾಗಿಟ್ಟಿರಲಿ.

ಮಿಷನ್ನು ಅಕ್ಕಿ ಡಬ್ಬದಲ್ಲೇ ಇದೆ. ನೀನು ಕೇಳಿದ್ದಕ್ಕೆ ಉತ್ತರ ಬರೆಯುತ್ತೇನೆ. ಗಮನವಿಟ್ಟು ಓದು.

ಧೀರಾ ಪಿಕಪ್ಪಿನಲ್ಲಿ ಹನ್ನೆರಡನೇ ಇಸವಿಯವರೆಗಿನದು ಗಟ್ಟಿ ಕಬ್ಬಿಣ. ಸದ್ದು ಜಾಸ್ತಿ, ಆದರೆ ಕೈಕೊಡುವುದಿಲ್ಲ. ಈಗ ಅವೆಲ್ಲ ಮುದಿಯಾಗಿವೆ, ಎಫ್‌ಸಿ ಮಾಡಿಸುವುದರಲ್ಲೇ ಸವೆದುಹೋಗುತ್ತೀರಿ. ಹದಿನಾರು, ಹದಿನೇಳು, ಹದಿನೆಂಟು ತೆಗೆದುಕೊಳ್ಳಬಹುದು. ಹತ್ತೊಂಬತ್ತರಿಂದ ಈಚೆಗೆ ತಂತಿ, ಸೆನ್ಸಾರು ಎಂದು ತುಂಬಿದ್ದಾರೆ. ಹಳ್ಳಿ ಮೆಕ್ಯಾನಿಕ್ ಬಾನೆಟ್ ಎತ್ತಿ ಮತ್ತೆ ಮುಚ್ಚುತ್ತಾನೆ, ಅಷ್ಟೆ.

ಹದಿಮೂರು, ಹದಿನಾಲ್ಕು, ಹದಿನೈದು ಬೇಡ. ಬಣ್ಣ ಹೊಸದಾಗಿದ್ದರೂ ಬೇಡ, ಟೈರು ಹೊಸದಾಗಿದ್ದರೂ ಬೇಡ, ಬಿಟ್ಟಿ ಕೊಟ್ಟರೂ ಬೇಡ. ಯಾಕೆ ಎಂದು ಕೇಳಬೇಡ. ಆ ಮೂರು ವರ್ಷದ ಗಾಡಿಗಳ ಗಳಿಗೆ ಸರಿಯಿಲ್ಲ ಎಂದುಕೊಂಡು ಬಿಟ್ಟುಬಿಡು.

ನೋಡಲು ಹೋಗುವಾಗ ನನ್ನನ್ನೂ ಕರೆದುಕೊಂಡು ಹೋಗು. ಬಸ್ಸಿನಲ್ಲಿ ಬರುತ್ತೇನೆ.

ಪುಟ್ಟಬಸವಯ್ಯ

*

ಮೂಗೂರು
17 ಮಾರ್ಚ್ 2025

ಮಾವ,

ನಿಮ್ಮ ಕಾಗದ ಬಂದಾಗ ಕೂಡಲೇ ಒಡೆಯಲಿಲ್ಲ. ಒಂದು ಸುಳ್ಳು ಹೇಳಿದ್ದೆ. ನಿಮ್ಮನ್ನು ಕೇಳುವ ಎರಡು ದಿನ ಮೊದಲೇ ಗಾಡಿ ತೆಗೆದುಕೊಂಡಾಗಿತ್ತು. ಗುರು ಆತುರ ಮಾಡಿದರು, ಅಮೃತೇಶ್ ಇನ್ನೂ ಆತುರ ಮಾಡಿದರು. ಮನೆ ಮುಂದೆ ಗಾಡಿ ನಿಂತ ಮೇಲೆ ನನಗೆ ರಾತ್ರಿ ನಿದ್ದೆಯಿಲ್ಲ. ನೀವು "ಒಳ್ಳೆಯ ಗಾಡಿ" ಎಂದರೆ ಸಾಕು, ನಿದ್ದೆ ಬರುತ್ತದೆ ಎಂದು ಹಾಗೆ ಬರೆದಿದ್ದೆ.

ಕಾಗದ ಓದಿ ಜೀವ ಬಂದಿತು. ನಮ್ಮದು ಹದಿನಾರನೇ ಇಸವಿಯದು! ನಂಬರ್ ಆಗಿರುವುದು 2016ರ ಫೆಬ್ರವರಿಯಲ್ಲಿ. ಬಿಳಿ ಬಣ್ಣ. ತಿಬ್ಬಾದೇವಿ ಗುಡಿ ಮುಂದೆ ಪೂಜೆ ಮಾಡಿಸಿ, ನಾಲ್ಕು ಚಕ್ರಕ್ಕೂ ನಿಂಬೆಹಣ್ಣಿಟ್ಟು ಹತ್ತಿಸಿದೆವು. ಗುರು ಓಡಿಸುತ್ತಾರೆ, ನಾನೂ ಓಡಿಸುತ್ತೇನೆ. ಪಾತ್ರೆ ಸಾಲಾಗಿ ಜೋಡಿಸಿ ನಡುವೆ ಜಮಖಾನ ಹಾಸಿದರೆ ಎಂಟು ಹೆಂಗಸರೂ ಹಿಂದೆ ಆರಾಮಾಗಿ ಕೂರುತ್ತಾರೆ. ಮೊನ್ನೆ ಹಾಡು ಹೇಳಿಕೊಂಡು ಬಂದರು.

"ಗಳಿಗೆ" ಎಂದು ನೀವು ಬರೆದದ್ದನ್ನು ಓದಿ ಗುರು ನಕ್ಕರು. "ನಿಮ್ ಮಾವ ಗಾಡಿಗೂ ಜಾತಕ ನೋಡ್ತಾರೆ ಕಣೇ" ಎಂದರು. ಬೇಸರ ಮಾಡಿಕೊಳ್ಳಬೇಡಿ.

ರಂಜನಿ

*

ನಂಜನಗೂಡು
21 ಮಾರ್ಚ್ 2025

ರಂಜನಿ,

ನಂಬರ್ ಹಾಕಿಸಿದ ದಿನ ಬೇರೆ, ಗಾಡಿ ಹುಟ್ಟಿದ ದಿನ ಬೇರೆ. ಕಂಪನಿಯಲ್ಲಿ ತಯಾರಾಗಿ, ಶೋರೂಮಿನ ಹಿತ್ತಲಲ್ಲಿ ತಿಂಗಳುಗಟ್ಟಲೆ ಬಿಸಿಲು ಕಾಯ್ದು, ಆಮೇಲೆ ನಂಬರ್ ಆಗುತ್ತದೆ. ಮಾರುವವರು ಹೇಳುವುದು ನಂಬರಿನ ವರ್ಷ. ನಾನು ಹೇಳಿದ್ದು ತಯಾರಾದ ವರ್ಷ. ಆರ್‌ಸಿ ಕಾರ್ಡು ತೆಗೆದು ನೋಡು. ತಯಾರಾದ ತಿಂಗಳು, ವರ್ಷ ಎಂದು ಸಣ್ಣ ಅಕ್ಷರದಲ್ಲಿ ಇರುತ್ತದೆ. ಅದನ್ನು ನನಗೆ ಬರೆ.

ಇನ್ನೊಂದು. ಬೆಳಗ್ಗೆ ಗಾಡಿ ಸ್ಟಾರ್ಟ್ ಮಾಡಿ ಮೊದಲ ಸಲ ಬ್ರೇಕ್ ಒತ್ತಿದಾಗ ಪೆಡಲ್ ಎಲ್ಲಿ ನಿಲ್ಲುತ್ತದೆ? ಅರ್ಧಕ್ಕೋ, ನೆಲದ ಹತ್ತಿರವೋ? ಅಂದಾಜಿನಲ್ಲಿ ಬರೆಯಬೇಡ, ಒತ್ತಿ ನೋಡಿ ಬರೆ.

ಉತ್ತರ ಬರುವವರೆಗೆ ಹೆಂಗಸರನ್ನು ಹಿಂದೆ ಕೂರಿಸಬೇಡ. ಅದು ಸರಕಿನ ಗಾಡಿ. ಹಾಡು ಹೇಳಿಕೊಂಡು ಬಂದರು ಎಂದು ಬರೆದಿದ್ದೀಯಲ್ಲ, ಆ ಸಾಲನ್ನು ಎಷ್ಟು ಸಲ ಓದಿದೆನೋ ನನಗೇ ಗೊತ್ತಿಲ್ಲ.

ಮಾವ

*

ಅಂಚೆ ಕಾರ್ಡು
ನಂಜನಗೂಡು, 1 ಏಪ್ರಿಲ್ 2025

ರಂಜನಿ, ನಿನ್ನ ಉತ್ತರ ಬರಲಿಲ್ಲ. ತಿಂಗಳು ಯಾವುದು? ಅಷ್ಟೇ ಬರೆ, ಸಾಕು. ದಿನಾ ಅಂಚೆಯವನನ್ನು ಕೇಳುತ್ತಿದ್ದೇನೆ. ಅವನು ಕೈ ಆಡಿಸಿ ಹೋಗುತ್ತಾನೆ.

*

ಮೂಗೂರು
5 ಏಪ್ರಿಲ್ 2025

ಮಾವ,

ತಡವಾಯಿತು. ಒಂದರ ಹಿಂದೆ ಒಂದು ಮದುವೆ. ಸುಳ್ಳೇಕೆ, ಕಾರ್ಡು ನೋಡಲು ಧೈರ್ಯವೂ ಇರಲಿಲ್ಲ. ನೋಡಿದೆ. 11/2015 ಎಂದಿದೆ.

ಗುರುವಿಗೆ ತೋರಿಸಿದೆ. "ಎರಡು ತಿಂಗ್ಳು ತಡವಾಗಿ ಹುಟ್ಟಿದ್ರೆ ಗಾಡಿ ಚೆನ್ನಾಗಿರ್ತಿತ್ತಾ? ಇದೇನ್ ಮಗೂನಾ?" ಎಂದರು. ನಾನೂ ನಕ್ಕೆ. ಆದರೆ ಇನ್ನೊಂದು ವಿಷಯ ಅವರಿಗೆ ಹೇಳಿಲ್ಲ, ನಿಮಗೆ ಮಾತ್ರ ಬರೆಯುತ್ತಿದ್ದೇನೆ. ಪೆಡಲ್ ಬೆಳಗ್ಗೆ ಮೊದಲ ಸಲ ಒತ್ತಿದರೆ ಆಳಕ್ಕೆ ಹೋಗುತ್ತದೆ, ಎರಡನೆಯ ಸಲಕ್ಕೆ ಹಿಡಿಯುತ್ತದೆ. ಆಮೇಲೆ ದಿನವೆಲ್ಲ ಸರಿಯಿರುತ್ತದೆ. ಹೋದ ವಾರ ನರಸೀಪುರದಲ್ಲಿ ಹೊಳೆ ಕಡೆಯ ಇಳಿಜಾರಿನಲ್ಲಿ ಒಂದು ಸಲ, ಒಂದೇ ಸಲ, ಕಾಲಿಗೆ ಏನೂ ಸಿಗಲಿಲ್ಲ. ಕಾಲು ನೀರಿನಲ್ಲಿ ಇಟ್ಟ ಹಾಗಾಯಿತು. ಮುಂದೆ ಒಂದು ಎತ್ತಿನ ಗಾಡಿ. ಮತ್ತೆ ಒತ್ತಿದೆ, ನಿಂತಿತು. ಹಿಂದೆ ಕುಳಿತವರಿಗೆ ಗೊತ್ತೇ ಆಗಲಿಲ್ಲ. "ಯಾಕಕ್ಕಾ ಜಕ್ ಅನ್ನಿಸ್ದೆ?" ಎಂದು ಅವರಲ್ಲೊಬ್ಬಳು, ಹೇಮಲತಾ, ಕೂಗಿದಳು. ನಾಯಿ ಅಡ್ಡ ಬಂತು ಎಂದೆ.

ಇದೇ 20ನೇ ತಾರೀಕು ಭಾನುವಾರ ಮಾದಪ್ಪನ ಬೆಟ್ಟದಲ್ಲಿ ಒಂದು ಹರಕೆಯ ಊಟ ಒಪ್ಪಿಕೊಂಡಿದ್ದೇವೆ. ಮುನ್ನೂರು ಜನಕ್ಕೆ. ನಮಗೆ ಇಷ್ಟು ದೊಡ್ಡದು ಇದೇ ಮೊದಲು. ಹತ್ತುವಾಗ ಪರವಾಗಿಲ್ಲ. ಇಳಿಯುವುದೇ ಯೋಚನೆಯಾಗಿದೆ. ಏನು ಮಾಡಿಸಬೇಕು, ಬರೆಯಿರಿ. ಗುರುವಿಗೆ ಹೇಳಬೇಡಿ. ಗಾಡಿ ತಂದಾಗಿನಿಂದ ಅವರು ಎಷ್ಟು ಸಂತೋಷವಾಗಿದ್ದಾರೆ ಎಂದರೆ, ದಿನಾ ಬೆಳಗ್ಗೆ ಅದರ ಗಾಜು ಒರೆಸುತ್ತಾರೆ.

ರಂಜನಿ

*

ಮೂಗೂರು
12 ಏಪ್ರಿಲ್ 2025

ಮಾವ,

ನಿಮ್ಮಿಂದ ಇದನ್ನು ನಿರೀಕ್ಷಿಸಿರಲಿಲ್ಲ.

ಗುರುವಿಗೆ ಹೇಳಬೇಡಿ ಎಂದು ಬರೆದಿದ್ದೆ. ನೀವು ಪಕ್ಕದ ಮನೆ ಕುಮಾರನ ಕೈಯಲ್ಲಿ ಅವರಿಗೇ ಫೋನ್ ಮಾಡಿಸಿದಿರಿ. ಅದೂ ಹರಕೆಯ ಮನೆಯವರು ನಮ್ಮ ಜಗಲಿಯಲ್ಲಿ ಕುಳಿತು ಊಟದ ಪಟ್ಟಿ ಬರೆಸುತ್ತಿದ್ದಾಗ. ಗುರು ಸ್ಪೀಕರ್ ಹಾಕಿದ್ದರು. ಎಲ್ಲರಿಗೂ ಕೇಳಿಸಿತು.

"ಸಾ, ನಿಮ್ ಮಾವ ಅಳ್ತಾವ್ರೆ. ಗಾಡೀನ ಬೆಟ್ಟಕ್ಕೆ ತಕ್ಕೊಂಡ್ ಓಗ್ಬ್ಯಾಡಿ ಅಂತಾವ್ರೆ. ಪೆಡ್ಲು ತಳಕ್ಕೋಯ್ತದೆ ಅಂತ ಅಕ್ಕ ಬರ್ದವ್ರಂತೆ."

ಗುರು ನನ್ನನ್ನು ನೋಡಿದರು. ಆ ನೋಟ ಹೇಗಿತ್ತು ಎಂದು ನಿಮಗೆ ಹೇಳಲಾರೆ.

"ಯಾಕಂತೆ? ಏನಾಯ್ತದಂತೆ?" ಎಂದು ಕೇಳಿದರು.

"ನಾನೂ ಕೇಳ್ದೆ ಸಾ. ಬಾಯ್ ಬುಡ್ತಿಲ್ಲ. ಬ್ಯಾಡ ಅಂತ ಏಳು, ಅಷ್ಟೇ ಅಂತಾವ್ರೆ."

ಆವತ್ತಿನಿಂದ ಗುರು ನನ್ನ ಜೊತೆ ಸರಿಯಾಗಿ ಮಾತಾಡಿಲ್ಲ. ಆದರೂ ಗಾಡಿಯನ್ನು ನರಸೀಪುರದಲ್ಲಿ ಗ್ಯಾರೇಜಿಗೆ ಬಿಟ್ಟರು. ನಾಲ್ಕು ಚಕ್ರ ಬಿಚ್ಚಿ, ಒಳಗಿನ ಪ್ಯಾಡು ಹೊಸದು ಹಾಕಿ, ಬ್ರೇಕ್ ಆಯಿಲ್ ತುಂಬಿ, "ಇನ್ ಊಟಿಗೂ ಓಗ್ಬೋದು" ಎಂದು ಕೊಟ್ಟಿದ್ದಾರೆ. ಪೆಡಲ್ ಈಗ ಒಂದೇ ಸಲಕ್ಕೆ ಹಿಡಿಯುತ್ತದೆ. ನಾನೇ ಒತ್ತಿ ನೋಡಿದೆ.

ಗುರು ಏನು ತಿಳಿದುಕೊಂಡಿದ್ದಾರೆ ಗೊತ್ತೇ? ಗಾಡಿ ತೆಗೆಯುವಾಗ ನಿಮ್ಮನ್ನು ಕೇಳಲಿಲ್ಲ ಎಂಬ ಕೋಪಕ್ಕೆ ನೀವು ಹೀಗೆ ಮಾಡುತ್ತಿದ್ದೀರಿ ಎಂದು. ನಾನು ಅಲ್ಲ ಎಂದೆ. ಮತ್ತೆ ಯಾಕೆ ಎಂದು ಕೇಳುತ್ತಾರೆ. ಕಾರಣವಿದ್ದರೆ ಬರೆಯಿರಿ. ಇಲ್ಲದಿದ್ದರೆ ನಮ್ಮನ್ನು ನಮ್ಮ ಪಾಡಿಗೆ ಬಿಡಿ.

ರಂಜನಿ

*

ನಂಜನಗೂಡು
15 ಏಪ್ರಿಲ್ 2025

ರಂಜನಿ,

ನಿನ್ನ ಕಾಗದ ಈಗ ಬಂತು. ಇದನ್ನು ಸ್ಪೀಡ್ ಪೋಸ್ಟಿನಲ್ಲಿ ಹಾಕುತ್ತೇನೆ. ಕುಮಾರನ ಬಾಯಲ್ಲಿ ಹೇಳಿಸಲಾಗದ್ದು ಇದು. ನನ್ನ ಬಾಯಲ್ಲೂ ಆರು ವರ್ಷದಿಂದ ಬಂದಿಲ್ಲ.

ಮೊದಲು ಗಾಡಿಯ ವಿಷಯ. ಹಿಂದಿನ ಚಕ್ರಗಳಿಗೆ ಬ್ರೇಕ್ ಆಯಿಲ್ ಒಯ್ಯುವ ಒಂದು ಸಣ್ಣ ಕಬ್ಬಿಣದ ಪೈಪು ಇರುತ್ತದೆ. ಬೆರಳಿಗಿಂತ ಸಣ್ಣದು. ಆ ಮೂರು ವರ್ಷದ ಗಾಡಿಗಳಲ್ಲಿ ಅದನ್ನು ಹಿಂದಿನ ಸ್ಪ್ರಿಂಗ್ ಪಟ್ಟೆಯ ಪಕ್ಕದಲ್ಲೇ, ಚಾಸಿಯ ಚೌಕಟ್ಟಿನ ಮೇಲ್ಗಡೆಯಿಂದ ಹಾಯಿಸಿದ್ದಾರೆ. ಅಲ್ಲಿ ಕೆಸರು ನಿಲ್ಲುತ್ತದೆ, ತುಕ್ಕು ಹಿಡಿಯುತ್ತದೆ. ಭಾರ ಹಾಕಿದಾಗ ಪಟ್ಟೆ ಮೇಲೆದ್ದು ಪೈಪನ್ನು ಉಜ್ಜುತ್ತದೆ. ಕೆಳಗೆ ಮಲಗಿ ನೋಡಿದರೂ ಕಾಣುವುದಿಲ್ಲ. ಕೈ ಮೇಲೆ ಹಾಕಿ ಬೆರಳಿನಿಂದ ಸವರಿದರೆ ಮಾತ್ರ ತಿಳಿಯುತ್ತದೆ. ನನ್ನ ಗ್ಯಾರೇಜಿಗೆ ಅಂಥ ಗಾಡಿ ಹನ್ನೊಂದು ಬಂದಿದ್ದವು. ಹನ್ನೊಂದರಲ್ಲೂ ಅದೇ ಜಾಗ. ಹದಿನಾರರಲ್ಲಿ ಕಂಪನಿಯವರು ಪೈಪನ್ನು ಸದ್ದಿಲ್ಲದೆ ಬೇರೆ ಕಡೆಯಿಂದ ಹಾಯಿಸಿದರು. ನಿಮ್ಮ ಮೆಕ್ಯಾನಿಕ್ ಚಕ್ರ ಬಿಚ್ಚಿದ, ಪೈಪು ಮುಟ್ಟಿಲ್ಲ. ಪ್ಯಾಡು ಹೊಸದಾಗಿ ಪೆಡಲ್ ಬಿಗಿಯಾದರೆ ಆ ಪೈಪಿನ ಮೇಲೆ ಒತ್ತಡ ಇನ್ನೂ ಜಾಸ್ತಿ. ಅದು ಒಡೆದರೆ ಹಿಂದಿನ ಬ್ರೇಕು ಹೋಗುತ್ತದೆ. ಮುಂದಿನದೊಂದೇ ಎಳೆದು ಎಳೆದು, ಉದ್ದನೆಯ ಇಳಿಜಾರಿನಲ್ಲಿ ಕಾದು, ಅದೂ ಕೈಬಿಡುತ್ತದೆ.

ಇನ್ನು ನನ್ನ ವಿಷಯ.

2019ರ ಫೆಬ್ರವರಿಯಲ್ಲಿ ಹದಿನಾರು ಎಂಬ ಊರಿನ ರಾಚಯ್ಯ ತನ್ನ ಗಾಡಿ ತಂದ. ಅದು ಹದಿನಾಲ್ಕನೇ ಇಸವಿಯ ಧೀರಾ. ಪೈಪು ಸೋರುತ್ತಿತ್ತು. ಪೂರ್ತಿ ಪೈಪು ಬದಲಿಸಬೇಕು, ಅದು ಮೈಸೂರಿನಿಂದ ಬರಲು ಎರಡು ದಿನ. ಅವನಿಗೆ ಆವತ್ತೇ ಇಟ್ಟಿಗೆ ಇಳಿಸಬೇಕಿತ್ತು. ನಾನು ತುಕ್ಕು ತಿಂದ ಅಷ್ಟು ಭಾಗ ಕತ್ತರಿಸಿ ಹಿತ್ತಾಳೆ ಬೆಸುಗೆ ಹಾಕಿದೆ. ಬ್ರೇಕ್ ಪೈಪಿಗೆ ಬೆಸುಗೆ ಹಾಕಬಾರದು ಎಂದು ನನಗೆ ಗೊತ್ತಿತ್ತು. ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. ಅವನು ಕೇಳಿದ, "ಭಯ ಇಲ್ವಾ ಸಾ?" ಅಂತ. ಎರಡು ದಿನ ಹುಷಾರಾಗಿ ಓಡಿಸು, ಪೈಪು ಬಂದ ಮೇಲೆ ಬಾ ಎಂದಿದ್ದರೂ ಸಾಕಿತ್ತು. ನಾನು "ಇನ್ ಹತ್ತು ವರ್ಷ ಯೋಚ್ನೆ ಇಲ್ಲ ಹೋಗೋ, ಪುಟ್ಟಬಸವಯ್ಯನ ಕೈಕೆಲಸ" ಎಂದೆ.

ಮಾರನೆಯ ದಿನ ಮಧ್ಯಾಹ್ನ ನಾಲೆ ಏರಿಯ ತಿರುವಿನಲ್ಲಿ ಅವನ ಗಾಡಿ ನೀರಿಗೆ ಬಿತ್ತು, ಅವನು ಉಳಿಯಲಿಲ್ಲ. ಎತ್ತುವಾಗ ನನ್ನನ್ನೂ ಕರೆದರು. ಹಗ್ಗ ಕಟ್ಟುವ ನೆಪದಲ್ಲಿ ಕೆಳಗೆ ತೂರಿ ಕೈ ಹಾಕಿದೆ. ಬೆಸುಗೆ ಬಿಟ್ಟುಕೊಂಡಿತ್ತು. ಅಲ್ಲೇ ಇದ್ದ ಕೆಸರನ್ನು ಹಿಡಿಯಷ್ಟು ತೆಗೆದು ಅದರ ಮೇಲೆ ಮೆತ್ತಿದೆ, ರಂಜನಿ. ಈ ಕೈಯಿಂದ. ಗಾಡಿಯೊಳಗೆ ಬಾಟಲಿ ಸಿಕ್ಕಿತು, ಕುಡಿದಿದ್ದ ಎಂದು ಯಾರೋ ಅಂದರು. ಊರೆಲ್ಲ ಅದೇ ಆಯಿತು. ನಾನು ಹೌದು ಎನ್ನಲಿಲ್ಲ, ಅಲ್ಲ ಎಂದೂ ಅನ್ನಲಿಲ್ಲ.

ಕಿವಿ ಕೇಳಿಸದೆ ಗ್ಯಾರೇಜು ಮುಚ್ಚಿದೆ ಎಂದು ನಿಮಗೆಲ್ಲ ಹೇಳಿದ್ದೆ. ಕಿವಿ ಹೋದದ್ದು ಆಮೇಲೆ.

ಇದನ್ನು ಗುರುವಿಗೆ ಓದಿ ಹೇಳು. ನನ್ನನ್ನು ಏನು ಬೇಕಾದರೂ ಅಂದುಕೊಳ್ಳಲಿ. ಬೆಟ್ಟಕ್ಕೆ ಆ ಗಾಡಿ ಬೇಡ.

ಪುಟ್ಟಬಸವಯ್ಯ

*

ಮೈಸೂರು
26 ಏಪ್ರಿಲ್ 2025

ಮಾವ,

ಆಸ್ಪತ್ರೆಯ ವರಾಂಡದಲ್ಲಿ ಕುಳಿತು ಬರೆಯುತ್ತಿದ್ದೇನೆ. ಮೊದಲೇ ಹೇಳಿಬಿಡುತ್ತೇನೆ, ಗುರು ಬದುಕಿದ್ದಾರೆ. ಬಲಗಾಲು ಎರಡು ಕಡೆ ಮುರಿದಿದೆ, ಮೂರು ಪಕ್ಕೆಲುಬು. ರಾಡು ಹಾಕಿದ್ದಾರೆ.

ನಿಮ್ಮ ಕಾಗದ ಹದಿನೇಳನೇ ತಾರೀಕೇ ಬಂದಿತ್ತಂತೆ. ಸಹಿ ಹಾಕಿ ತೆಗೆದುಕೊಂಡದ್ದು ಗುರು. ಒಡೆಯದೆ ಜೇಬಿಗೆ ಹಾಕಿಕೊಂಡಿದ್ದರು. ಊಟ ಮುಗಿಸಿ ಬಂದ ಮೇಲೆ ಕೊಡೋಣ ಎಂದುಕೊಂಡಿದ್ದರಂತೆ.

ಶನಿವಾರ ಹತ್ತುವಾಗ ನಾನೇ ಓಡಿಸಿದೆ. ಏನೂ ಆಗಲಿಲ್ಲ. ಭಾನುವಾರ ಊಟ ಚೆನ್ನಾಗಿಯೇ ಆಯಿತು. ಕೊನೆಯ ಪಂಕ್ತಿ ಎದ್ದ ಮೇಲೆ ಗುರು ಸಾರಿನ ಕೊಪ್ಪರಿಗೆ ಎತ್ತಲು ಅಂಗಿ ಬಿಚ್ಚಿ ನನ್ನ ಕೈಗೆ ಕೊಟ್ಟರು. ಜೇಬಿನಲ್ಲಿ ನಿಮ್ಮ ಅಕ್ಷರ. ಒಲೆಯ ಪಕ್ಕದಲ್ಲೇ ಕುಳಿತು ಓದಿದೆ. ಓದುತ್ತಾ ಓದುತ್ತಾ ಮುಂದೆ ನೋಡಿದರೆ, ಹೇಮಲತಾ ಆಗಲೇ ಗಾಡಿಯಲ್ಲಿ ಜಮಖಾನ ಹಾಸುತ್ತಿದ್ದಾಳೆ. ಎಲ್ಲರಿಗಿಂತ ಹಿರಿಯಳಾದ ಮಂಗಳಗೌರಮ್ಮ ಹತ್ತಿ ಕುಳಿತು ಎಲೆಅಡಿಕೆ ಬಿಚ್ಚಿದ್ದಾಳೆ.

"ಇಳೀರಿ!" ಎಂದು ಕೂಗಿದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ. "ಯಾರೂ ಹತ್ಬೇಡಿ, ಇಳೀರಿ!"

ಗುರುವಿಗೆ ಕಾಗದ ಕೊಟ್ಟೆ. ರಾಚಯ್ಯನ ವಿಷಯವನ್ನೂ ಓದಿ ಮಡಿಸಿ ಕೊಟ್ಟರು. "ನಿಮ್ ಮಾವ ಮಾಡಿದ್ ತಪ್ಪಿಗೆ ನನ್ ಗಾಡಿ ಯಾಕ್ ನಿಲ್ಬೇಕು?" ಎಂದರು.

"ಗಾಡಿ ಇಲ್ಲೇ ಇರ್ಲಿ. ಕೆಳಗಿಂದ ಮೆಕ್ಯಾನಿಕ್ ಕರ್ಕೊಂಡ್ ಬರೋಣ. ಪೈಪ್ ಮುಟ್ಟಿ ನೋಡ್ಲಿ."

"ಹತ್ತಿದ್ದು ಇಳಿಯಲ್ವಾ? ಮುನ್ನೂರು ಜನದ್ ಮುಂದೆ ಗಾಡಿ ಬಿಟ್ಟು ಬಸ್ ಹತ್ತು ಅಂತೀಯಾ?"

ಕಾಲು ಹಿಡಿದೆ ಮಾವ. ನಿಜವಾಗಿ ಹಿಡಿದೆ, ಎಲ್ಲರ ಮುಂದೆ. ಅವರು ಸಿಟ್ಟಿನಲ್ಲಿ ಕಾಲು ಬಿಡಿಸಿಕೊಂಡರು. ಆಗ ಮಂಗಳಗೌರಮ್ಮ ಮುಂದೆ ಬಂದು ಹೇಳಿದಳು: "ಗುರಪ್ಪ, ನೀನ್ ಓಗ್ತೀಯೋ ಬುಡ್ತೀಯೋ ನಿನ್ನಿಷ್ಟ ಕಣಪ್ಪ. ನಾವಂತೂ ಬಸ್ಸಲ್ ಬತ್ತೀವಿ." ಗುರು ಯಾರ ಮುಖವನ್ನೂ ನೋಡದೆ ಪಾತ್ರೆ ತುಂಬಿಸಿಕೊಂಡು ಒಬ್ಬರೇ ಹೊರಟರು. ನಾನೂ ಹತ್ತುತ್ತೇನೆ ಎಂದು ಬಾಗಿಲು ಹಿಡಿದೆ. ಒಳಗಿನಿಂದ ಲಾಕ್ ಹಾಕಿಕೊಂಡರು.

ಸಿಕ್ಕ ಮೊದಲ ಬಸ್ಸಿಗೆ ನಾವು ಒಂಬತ್ತು ಜನ ಹತ್ತಿದೆವು. ನಾಲ್ಕು ಗಂಟೆಯ ಬಿಸಿಲು. ಮೂರನೆಯ ತಿರುವಿನಲ್ಲೇ ನಮ್ಮ ಗಾಡಿ ಕಂಡಿತು. ಮೆಲ್ಲಗೆ ಹೋಗುತ್ತಿದ್ದರು, ಎರಡನೇ ಗೇರಿನಲ್ಲಿರಬೇಕು. ನಾನು ಡ್ರೈವರ್ ಹಿಂದಿನ ಕಂಬಿ ಹಿಡಿದು ನಿಂತೆ. ಒಂದೊಂದು ತಿರುವು ದಾಟಿದಾಗಲೂ ಮಂಗಳಗೌರಮ್ಮ "ಆಯ್ತು, ಇದೊಂದಾಯ್ತು" ಅನ್ನುತ್ತಿದ್ದಳು. ನನ್ನ ಬಲಗಾಲು ಬಸ್ಸಿನ ನೆಲವನ್ನು ಒತ್ತುತ್ತಲೇ ಇತ್ತು.

ಅರ್ಧ ಇಳಿದಿರಬಹುದು. ಬಸ್ಸಿನೊಳಗೆ ಸುಟ್ಟ ವಾಸನೆ ಬಂತು. "ಮುಂದಿನ್ ಗಾಡೀದು ಕಣ್ರೀ, ಬ್ರೇಕ್ ಸುಡ್ತಾ ಅದೆ" ಎಂದು ಡ್ರೈವರ್ ಅಂದರು. ರಸ್ತೆಯ ಮೇಲೆ ಸಣ್ಣಗೆ, ಉದ್ದಕ್ಕೆ, ಒದ್ದೆ ಗೆರೆ ಇತ್ತು. ಆಮೇಲೆ ಗುರು ನಮಗಿಂತ ಒಂದು ತಿರುವು ಕೆಳಗೆ ಹೋದರು. ಕಿಟಕಿಯಿಂದ ಬಗ್ಗಿದರೆ ಗಾಡಿಯ ಬೆನ್ನು ಕಾಣುತ್ತಿತ್ತು. ಹಿಂದಿನ ಎರಡು ಕೆಂಪು ದೀಪಗಳು ಹತ್ತಿಕೊಂಡೇ ಇದ್ದವು. ಗಾಡಿ ನಿಲ್ಲುತ್ತಿಲ್ಲ. ಓಟ ಜಾಸ್ತಿಯಾಗುತ್ತಿದೆ. ಹಾರ್ನ್ ಶುರುವಾಯಿತು. ಬಿಡದೆ ಒಂದೇ ಸಮನೆ. ಆ ಸದ್ದು ಈಗಲೂ ನನ್ನ ಕಿವಿಯಲ್ಲಿದೆ. ನೀವು ಕಿವುಡರಾದದ್ದು ಒಂದು ಪುಣ್ಯ ಎಂದು ಈ ವಾರ ಅನೇಕ ಸಲ ಅನ್ನಿಸಿದೆ, ಕ್ಷಮಿಸಿ.

ಅವರು ಗಾಡಿಯನ್ನು ಬೆಟ್ಟದ ಕಡೆಗೆ ತಿರುಗಿಸಿದರು. ಅಷ್ಟು ಬುದ್ಧಿ ಓಡಿತು, ಮಾದಪ್ಪ ಓಡಿಸಿದ. ಮೂತಿ ಬಂಡೆಗೆ ಹೊಡೆದು, ಹಿಂಭಾಗ ಗಿರ್ರನೆ ಸುತ್ತಿ ಪ್ರಪಾತದ ಕಡೆಯ ಕಟ್ಟೆಗೆ ಬಡಿಯಿತು. ಹಿಂದಿನ ಬಾಗಿಲು ಕಿತ್ತುಹೋಯಿತು. ಕೊಪ್ಪರಿಗೆಗಳು ಒಂದರ ಹಿಂದೆ ಒಂದು ಕೆಳಗೆ ಉರುಳಿದವು. ಬಂಡೆಯಿಂದ ಬಂಡೆಗೆ ಬಡಿಯುತ್ತಾ, ಬಹಳ ಹೊತ್ತು ಸದ್ದು ಬರುತ್ತಲೇ ಇತ್ತು. ಹೇಮಲತಾ ನನ್ನ ಕೈಯನ್ನು ಎಷ್ಟು ಬಿಗಿಯಾಗಿ ಹಿಡಿದಳೆಂದರೆ ಉಗುರಿನ ಗುರುತು ಇನ್ನೂ ಇದೆ. ಅವಳು ಕೂರುತ್ತಿದ್ದದ್ದು ಆ ಬಾಗಿಲಿನ ಪಕ್ಕದಲ್ಲೇ.

ಗುರುವಿಗೆ ಎಚ್ಚರ ಬಂದಾಗ ಕೇಳಿದ ಮೊದಲ ಮಾತು, "ಹಿಂದೆ ಯಾರೂ ಇರ್ಲಿಲ್ಲ ತಾನೇ?" ಇರಲಿಲ್ಲ ಎಂದೆ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಅದನ್ನೇ ಕೇಳಿದರು. ಇವತ್ತು ಬೆಳಗ್ಗೆಯೂ ಕೇಳಿದರು.

ನಿಮ್ಮ ಮೇಲೆ ಕೋಪವಿದೆ. ಮಾರ್ಚಿನಲ್ಲೇ "ಗಳಿಗೆ" ಎನ್ನುವ ಬದಲು "ಪೈಪು" ಎಂದು ಬರೆದಿದ್ದರೆ ಗುರು ತಾವೇ ಗಾಡಿಯ ಕೆಳಗೆ ಮಲಗಿ ಕೈ ಹಾಕಿ ನೋಡುತ್ತಿದ್ದರು. ನಿಮ್ಮ ಕಾಗದವೇ ನಮ್ಮೆಲ್ಲರನ್ನೂ ಉಳಿಸಿದ್ದು, ಅದೂ ನಿಜ. ಈ ಎರಡನ್ನೂ ಒಟ್ಟಿಗೆ ಹೇಗೆ ಇಟ್ಟುಕೊಳ್ಳಬೇಕೋ ತಿಳಿಯುತ್ತಿಲ್ಲ.

ಕಾಗದವನ್ನು ಬಸ್ಸಿಗೆ ಕಾಯುವಾಗ ಹೆಂಗಸರಿಗೆಲ್ಲ ಓದಿ ಹೇಳಿದ್ದೆ. ಮಂಗಳಗೌರಮ್ಮ ಒಂದು ಮಾತು ಕೇಳಿದಳು. ನಿಮ್ಮನ್ನೇ ಕೇಳುತ್ತೇನೆ. ರಾಚಯ್ಯನ ಮನೆಯವರಿಗೆ ಇದು ಗೊತ್ತೇ?

ರಂಜನಿ

*

ಮೂಗೂರು
6 ಮೇ 2025

ಮಾವ,

ಗುರುವನ್ನು ಮನೆಗೆ ಕರೆತಂದೆವು. ನೀವು ಉತ್ತರ ಬರೆದಿಲ್ಲ.

ನಿನ್ನೆ ಅಮೃತೇಶ್ ಬಂದಿದ್ದರು, ಕೈಯಲ್ಲಿ ಸೇಬಿನ ಹಣ್ಣು ಹಿಡಿದುಕೊಂಡು. ಗಾಡಿಯನ್ನು ತಾವೇ ತೆಗೆದುಕೊಳ್ಳುತ್ತಾರಂತೆ. ಮೂತಿ ಬದಲಿಸಿ, ಬಣ್ಣ ಹೊಡೆಸಿದರೆ ಚಾಮರಾಜನಗರದ ಕಡೆ ಯಾರಾದರೂ ತೆಗೆದುಕೊಳ್ಳುತ್ತಾರಂತೆ. "ಹದಿನಾರನೇ ಇಸವಿ ಗಾಡಿ, ಬೇಡಿಕೆ ಅದೆ" ಎಂದರು. ನಾನು ಬಾಯಿ ತೆರೆಯುವ ಮೊದಲೇ ಗುರು ಮಂಚದಿಂದ ಹೇಳಿದರು, "ಹದಿನೈದು. ನವೆಂಬರ್. ಅದನ್ನ ಯಾರೂ ಓಡ್ಸಲ್ಲ." ನಾಳಿದ್ದು ಗುಜರಿಯವರು ಬಂದು ಗ್ಯಾಸಿನಲ್ಲಿ ಕತ್ತರಿಸುತ್ತಾರೆ. ಚಾಸಿಯನ್ನು ನನ್ನ ಕಣ್ಣೆದುರೇ ಎರಡು ತುಂಡು ಮಾಡಬೇಕು ಎಂದು ಹೇಳಿದ್ದೇನೆ.

ನೀವು ಹೇಗಿದ್ದೀರಿ? ಕುಮಾರನಿಗೆ ಫೋನ್ ಮಾಡಿದೆ. ಬೆಳಗ್ಗೆ ಬಸ್‌ಸ್ಟ್ಯಾಂಡಿಗೆ ಹೋಗಿ ಕುಳಿತು ಸಂಜೆ ವಾಪಸ್ ಬರುತ್ತಾರೆ ಎಂದ. ಎಲ್ಲಿಗೆ ಹೋಗಬೇಕು ಅಂತಿದ್ದೀರಿ ಮಾವ? ನನಗೆ ಭಯವಾಗುತ್ತಿದೆ. ಬರೆಯಿರಿ.

ರಂಜನಿ

*

ನಂಜನಗೂಡು
14 ಮೇ 2025

ರಂಜನಿ,

ಏಳು ದಿನ ಬಸ್‌ಸ್ಟ್ಯಾಂಡಿನಲ್ಲಿ ಕುಳಿತಿದ್ದೆ. ರಾಚಯ್ಯನ ಊರು ಹದಿನಾರಿಗೆ ಹೋಗುವ ಬಸ್ಸು ಬರುತ್ತಿತ್ತು, ಹೋಗುತ್ತಿತ್ತು. ನನಗೆ ಎದ್ದು ಹತ್ತಲು ಆಗಲಿಲ್ಲ. ಪೊಲೀಸರ ಭಯವಲ್ಲ. ಈ ವಯಸ್ಸಿನಲ್ಲಿ ಅವರು ಏನು ಮಾಡಿದರೂ ಆಯಿತು. ಅವನ ಹೆಂಡತಿಯ ಮುಖದ ಭಯ. ಎಂಟನೆಯ ದಿನ, ನಿನ್ನ ಕಾಗದ ಬಂದ ಮಾರನೆಯ ಬೆಳಗ್ಗೆ, ಹತ್ತಿದೆ.

ರಾಚಯ್ಯನ ಹೆಂಡತಿ ಸಣ್ಣತಾಯಮ್ಮ ಬಾಗಿಲಲ್ಲಿ ಹುರುಳಿ ಕೇರುತ್ತಿದ್ದಳು. ನನ್ನನ್ನು ಗುರುತು ಹಿಡಿದು ಎದ್ದು ನಿಂತಳು, ಚಾಪೆ ಹಾಸಿದಳು. ಕೂರಲಿಲ್ಲ. ಮಗಳು ಕೋಮಲ ಒಳಗಿನಿಂದ ಬಂದಳು. ಡಿಗ್ರಿ ಓದುತ್ತಿದ್ದಾಳೆ. ನನಗೆ ಕಿವಿ ಕೇಳುವುದಿಲ್ಲ ಎಂದು ಸನ್ನೆ ಮಾಡಿದೆ. ನೋಟ್‌ಬುಕ್ಕು, ಪೆನ್ನು ತಂದಳು.

ನಿಂತುಕೊಂಡೇ ಹೇಳಿದೆ. ಬೆಸುಗೆ, ಹತ್ತು ವರ್ಷ ಯೋಚನೆ ಇಲ್ಲ ಎಂದದ್ದು, ಕೆಸರು, ಎಲ್ಲ. ನನ್ನ ದನಿ ಎಷ್ಟು ಜೋರಾಗಿತ್ತು, ಎಷ್ಟು ಸಣ್ಣದಾಗಿತ್ತು, ನನಗೆ ಗೊತ್ತಿಲ್ಲ. ಸಣ್ಣತಾಯಮ್ಮನ ಮುಖವನ್ನು ಮಾತ್ರ ನೋಡುತ್ತಿದ್ದೆ. ಮೊರ ಅವಳ ಕೈಯಿಂದ ಜಾರಿ ಹುರುಳಿ ಎಲ್ಲ ಚೆಲ್ಲಿತು. ಹೊಡೆಯುತ್ತಾಳೆ ಎಂದುಕೊಂಡೆ. ಹೊಡೆದಿದ್ದರೆ ಚೆನ್ನಾಗಿತ್ತು. ಅವಳು ನನ್ನನ್ನು ದಾಟಿ ಬೀದಿಗೆ ಹೋದಳು. ಕೈ ಬೀಸಿ ಬೀಸಿ ಕರೆದಳು. ಎದುರು ಮನೆಯವರು, ಅರಳಿಕಟ್ಟೆಯ ಮೇಲೆ ಕುಳಿತಿದ್ದ ಗಂಡಸರು, ನಲ್ಲಿಯ ಹತ್ತಿರವಿದ್ದ ಹೆಂಗಸರು, ಎಲ್ಲರೂ ಬಂದು ಸುತ್ತ ನಿಂತರು. ಬಾಯಿಗಳು ಆಡುತ್ತಿವೆ, ಒಂದು ಅಕ್ಷರವೂ ಕೇಳುತ್ತಿಲ್ಲ. ಬೈಯುತ್ತಿದ್ದಾರೋ, ಏನು ಮಾಡಬೇಕೆಂದು ಮಾತಾಡಿಕೊಳ್ಳುತ್ತಿದ್ದಾರೋ ತಿಳಿಯದು.

ಕೋಮಲ ಬರೆದು ತೋರಿಸಿದಳು.

"ಇವರೆಲ್ಲ ಆರು ವರ್ಷದಿಂದ ನನ್ನ ಅಪ್ಪನನ್ನು ಕುಡುಕ ಅಂದಿದ್ದಾರೆ. ನನ್ನನ್ನು ನೋಡಲು ಬಂದವರಿಗೂ ಅದನ್ನೇ ಹೇಳಿ ಕಳಿಸಿದ್ದಾರೆ. ಇವರ ಮುಂದೆ ಹೇಳಿ."

ಹೇಳಿದೆ. ರಾಚಯ್ಯ ಕುಡಿದಿರಲಿಲ್ಲ. ಬ್ರೇಕ್ ಪೈಪಿಗೆ ಬೆಸುಗೆ ಹಾಕಿದ್ದು ನಾನು. ಸುಳ್ಳು ಹೇಳಿದ್ದು ನಾನು. ಮುಚ್ಚಿಟ್ಟದ್ದು ನಾನು.

ಒಬ್ಬ ಮುದುಕ ತಲೆಯ ವಸ್ತ್ರ ತೆಗೆದು ಕಂಕುಳಲ್ಲಿ ಇಟ್ಟುಕೊಂಡ. ಸಣ್ಣತಾಯಮ್ಮ ಮಗಳ ಕಡೆ ತಿರುಗಿ ಏನೋ ಅಂದಳು. ಕೋಮಲ ನೋಟ್‌ಬುಕ್ಕನ್ನು ಮತ್ತೆ ನನ್ನ ಮುಂದೆ ಹಿಡಿದಳು.

"ಅವ್ವ ಇನ್ನೊಂದು ಸಲ ಹೇಳಿ ಅಂತಿದ್ದಾಳೆ. ಮೊದಲನೇ ಮಾತು ಮಾತ್ರ."

"ರಾಚಯ್ಯ ಕುಡ್ದಿರ್ಲಿಲ್ಲ" ಎಂದೆ.

ಸಣ್ಣತಾಯಮ್ಮ ಕಣ್ಣು ಮುಚ್ಚಿಕೊಂಡು ಕೇಳಿಸಿಕೊಂಡಳು. ಆಮೇಲೆ ಕಣ್ಣು ಬಿಟ್ಟು, ಇನ್ನೊಂದು ಸಲ ಎಂದು ಬೆರಳು ತೋರಿಸಿದಳು.

ಪುಟ್ಟಬಸವಯ್ಯ